ಪೊಲೀಸರ ಕೈಗೆ ಟೇಸರ್ ಕೊಡುವ ಮುಂಚೆ

ಎಲ್ಲಾದರೂ ಪೊಲೀಸರ ಗುಂಡಿಗೆ ಯಾರಾದರೂ ಸತ್ತ ಸುದ್ದಿ ಬಂದರೆ ಸಾಕು, ಕೆಳಗೆ ಒಬ್ಬರಾದರೂ ಬರೆದಿರುತ್ತಾರೆ: 'ಇವರಿಗೆಲ್ಲ ಟೇಸರ್ ಕೊಡಿ ಸಾರ್. ಪ್ರಾಣಾನೂ ಹೋಗಲ್ಲ, ಕಳ್ಳಾನೂ ಸಿಗ್ತಾನೆ.' ಟೇಸರ್ ಅಂದರೆ ಕರೆಂಟ್ ಹೊಡೆದು ಆಳನ್ನು ಬೀಳಿಸುವ ಯಂತ್ರ. ಸಲಹೆ ಕೇಳೋಕೆ ಚೆನ್ನಾಗಿದೆ. ನನಗೆ ಮಾತ್ರ ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದ ಆ ವಿಡಿಯೋ ಕಣ್ಣ ಮುಂದೆ ಬರುತ್ತದೆ.

2007ರ ಅಕ್ಟೋಬರ್. ರಾಬರ್ಟ್ ಜೆಕಾನ್ಸ್ಕಿ, ವಯಸ್ಸು 40, ಪೋಲೆಂಡಿನಿಂದ ತಾಯಿಯ ಹತ್ತಿರ ಇರಲು ಕೆನಡಾಕ್ಕೆ ಬಂದಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಒಳಗೆ ಅವರು ಗಂಟೆಗಟ್ಟಲೆ ದಾರಿ ಗೊತ್ತಾಗದೆ ಸುತ್ತುತ್ತಿದ್ದರೆ, ಹೊರಗೆ ತಾಯಿ ಕಾದೂ ಕಾದೂ, ಮಗ ಬಂದೇ ಇಲ್ಲವೇನೋ ಅಂತ ಊರಿಗೆ ಹೊರಟುಹೋದರು. ನಡುರಾತ್ರಿ ಕಳೆಯುವಷ್ಟರಲ್ಲಿ ಮನುಷ್ಯನ ತಲೆ ಕೆಟ್ಟಿತ್ತು. ಕುರ್ಚಿ ಎಳೆದಾಡಿದರು, ಕಂಪ್ಯೂಟರ್ ಎತ್ತಿ ಒಗೆದರು. ನಾಲ್ವರು ಪೊಲೀಸರು ಬಂದರು. ಬಂದು ಅರ್ಧ ನಿಮಿಷವೂ ಆಗಿರಲಿಲ್ಲ, ಟೇಸರ್ ಹೊಡೆದರು. ಒಂದಲ್ಲ, ಐದು ಸಲ. ಆಗ ರಾಬರ್ಟ್ ಕೈಯಲ್ಲಿ ಇದ್ದದ್ದು ಒಂದು ಸ್ಟೇಪ್ಲರ್. ಅಲ್ಲೇ ನೆಲದ ಮೇಲೆ ಸತ್ತರು.

ಈಗ ಹೇಳಿ. ಟೇಸರ್ ಇಲ್ಲದಿದ್ದರೆ ಆ ನಾಲ್ವರು ಸ್ಟೇಪ್ಲರ್ ಹಿಡಿದವನಿಗೆ ಗುಂಡು ಹೊಡೆಯುತ್ತಿದ್ದರಾ? ಖಂಡಿತ ಇಲ್ಲ. ಸೇರಿ ಹಿಡಿದುಕೊಳ್ಳುತ್ತಿದ್ದರು, ಇಲ್ಲವೇ ಪೋಲಿಷ್ ಬಲ್ಲ ಯಾರನ್ನಾದರೂ ಕರೆಸುತ್ತಿದ್ದರು. ನನ್ನ ತಕರಾರು ಇಷ್ಟೇ. ಪಿಸ್ತೂಲಿನ ಬದಲು ಅಂತ ಹೇಳಿ ತರುತ್ತಾರೆ, ಆಮೇಲೆ ತಾಳ್ಮೆಯ ಬದಲು ಬಳಸುತ್ತಾರೆ.

ಆಸ್ಟ್ರೇಲಿಯಾದ ಕೂಮಾ ಎಂಬ ಊರಿನ ವೃದ್ಧಾಶ್ರಮದಲ್ಲಿ 2023ರಲ್ಲಿ ಆದದ್ದೂ ಇದೇ. ಕ್ಲೇರ್ ನೌಲ್ಯಾಂಡ್ ಎಂಬ 95 ವರ್ಷದ ಅಜ್ಜಿ. ಮರೆವಿನ ಕಾಯಿಲೆ, ವಾಕರ್ ಹಿಡಿದೇ ನಡೆಯಬೇಕು, ಕೈಯಲ್ಲಿ ಅಡುಗೆಮನೆಯ ಚಾಕು. ಪೊಲೀಸಪ್ಪ ಟೇಸರ್ ಹೊಡೆದ. ಅಜ್ಜಿ ಬಿದ್ದು ತಲೆಗೆ ಪೆಟ್ಟಾಗಿ ವಾರದಲ್ಲಿ ತೀರಿಕೊಂಡರು. ನರಹತ್ಯೆಯ ಅಪರಾಧ ಸಾಬೀತಾಯಿತು, ಜೈಲು ಮಾತ್ರ ಆಗಲಿಲ್ಲ.

ಈ ಯಂತ್ರ ಕೆಲಸ ಮಾಡುವ ರೀತಿ ನೋಡಿ. ತೆಳು ತಂತಿ ಕಟ್ಟಿದ ಎರಡು ಮುಳ್ಳು ಹಾರಿ ಮೈಗೆ ಚುಚ್ಚಿಕೊಳ್ಳುತ್ತವೆ. ಒಂದು ಸಲ ಒತ್ತಿದರೆ ಸಾಮಾನ್ಯವಾಗಿ ಐದು ಸೆಕೆಂಡ್ ಕರೆಂಟ್. ಸ್ನಾಯುಗಳು ಸೆಟೆದುಕೊಂಡು ಆಳು ಹಾಗೇ ಬೀಳುತ್ತಾನೆ. ಇನ್ನೊಂದು ಬಗೆಯಿದೆ, ಅದೇ ನನಗೆ ಜಾಸ್ತಿ ಭಯ ಹುಟ್ಟಿಸೋದು. ಮುಳ್ಳು ಹಾರಿಸದೆ ಯಂತ್ರವನ್ನೇ ಮೈಗೆ ಒತ್ತುವುದು. ಅದರಿಂದ ಮೈ ಪೂರ್ತಿ ಸೆಟೆಯಲ್ಲ, ಬರೀ ನೋವು. ಆಗಲೇ ಕೈಕೋಳ ಬಿದ್ದವನಿಗೆ ಹೀಗೆ ಒತ್ತಿದರೆ ಅದನ್ನು ಬಂಧನ ಅಂತೀರಾ?

ಕರೆಂಟ್ ಕೊಡೋದು ನಮಗೇನೂ ಹೊಸದಲ್ಲ. ವೀರಪ್ಪನ್ ಬೇಟೆಯ ಹೊತ್ತಿನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಕರ್ನಾಟಕ-ತಮಿಳುನಾಡು ಪೊಲೀಸರ ಜಂಟಿ ಕಾರ್ಯಪಡೆಯ ಒಂದು ಜಾಗಕ್ಕೆ 'ವರ್ಕ್‌ಶಾಪ್' ಅಂತಲೇ ಹೆಸರಿತ್ತು. ಅಲ್ಲಿ ಕರೆಂಟ್ ಶಾಕ್ ಕೊಟ್ಟರು ಅಂತ ಕಾಡಂಚಿನ ಊರುಗಳ ಹೆಂಗಸರು, ಗಂಡಸರು ಈ ದೂರುಗಳ ತನಿಖೆಗೆ ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲೇ ಸಹಿ ಹಾಕಿದ ನಮ್ಮ ದೇಶ ಅದನ್ನು ಇನ್ನೂ ಅನುಮೋದಿಸಿಲ್ಲ, ಇದು ಬೇರೆ ಮಾತು.

ಹಾಗಾದರೆ ಟೇಸರ್ ಬೇಡವೇ ಬೇಡವಾ? ಮಚ್ಚು ಬೀಸುತ್ತಾ ಬರುವವನ ಎದುರು ನಿಂತ ಕಾನ್‌ಸ್ಟೆಬಲ್‌ಗೆ ಅದು ಇದ್ದರೆ ಇಬ್ಬರ ಜೀವವೂ ಉಳಿಯಬಹುದು, ಒಪ್ಪುತ್ತೇನೆ. ಆದರೆ ವ್ಯಾಂಕೂವರಿನಲ್ಲಿ ಸತ್ಯ ಹೊರಬಂದದ್ದು ಹೇಗೆ ಗೊತ್ತಾ? ಎಷ್ಟು ಸಲ ಒತ್ತಿದರು ಅನ್ನೋದು ಟೇಸರಿನ ಒಳಗೇ ದಾಖಲಾಗಿತ್ತು. ಜೊತೆಗೆ ಒಬ್ಬ ಪ್ರಯಾಣಿಕ ಎಲ್ಲವನ್ನೂ ಚಿತ್ರೀಕರಿಸಿದ್ದ. ಪೊಲೀಸರು ಆ ವಿಡಿಯೋ ಇಸಕೊಂಡರು, ವಾಪಸ್ ಪಡೆಯಲು ಅವನು ವಕೀಲರನ್ನು ಹಿಡಿಯಬೇಕಾಯಿತು. ಪೊಲೀಸರು ಮೊದಲು ಹೇಳಿದ ಕಥೆಗೂ ಅದಕ್ಕೂ ತಾಳೆಯೇ ಆಗಲಿಲ್ಲ. ಕೊನೆಗೆ ಇಬ್ಬರಿಗೆ ಜೈಲಾಯಿತು, ಅದೂ ವಿಚಾರಣೆಯಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ. ಸಾವಿಗಾಗಿ ಯಾರ ಮೇಲೂ ಕೇಸ್ ಆಗಲಿಲ್ಲ.

ನಮ್ಮಲ್ಲಿ ಠಾಣೆಗಳಿಗೆ ಸಿಸಿಟಿವಿ ಕಡ್ಡಾಯ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನಾದರೂ ಆದ ದಿನವೇ 'ಕ್ಯಾಮೆರಾ ಕೆಟ್ಟಿತ್ತು ಸಾರ್' ಅನ್ನುವ ಉತ್ತರ ನಾವು ಕೇಳದೇ ಇರೋದಾ? ಟೇಸರ್ ತರುವುದಾದರೆ ಲಾಕಪ್ ಒಳಗೆ ಅದು ಹೋಗಲೇಬಾರದು. ಪ್ರತಿ ಸಲ ಒತ್ತಿದ ದಾಖಲೆ ಅದೇ ದಿನ ಮ್ಯಾಜಿಸ್ಟ್ರೇಟ್ ಕೈ ಸೇರಬೇಕು, ಠಾಣೆಯ ಬೀರುವಿನಲ್ಲಿ ಕೂರಬಾರದು. ಇದಕ್ಕೆ ಒಪ್ಪುವ ಅಧಿಕಾರಿಗಳಿದ್ದರೆ ಕೆಳಗೆ ಬರೆಯಿರಿ, ಮಾತಾಡೋಣ.