ಕನ್ನಡದೊಳಗೊಂದು ಪೌಂಡು

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬೆಳಗಾವಿಯ ಸಮಿತಿಯೊಂದು ಸ್ಮರಣ ಸಂಚಿಕೆ ತರಲು ಹೊರಟಿತು. ಸಮಿತಿಯ ಹೆಸರು ಬೇಡ. ಎದುರಿಗೆ ಸಿಕ್ಕರೆ ಕುಂದಾ ಕೊಡಿಸುವ ಒಳ್ಳೆಯ ಜನ. ನನಗೂ ಒಂದು ವಿಷಯ ಕೊಟ್ಟರು: ಕಂಪ್ಯೂಟರಿನಲ್ಲಿ ಕನ್ನಡದ ನಾಳೆಗಳು.

ನನಗೇ ಯಾಕೆ ಅಂದರೆ, ಗಲ್ಲಿಯಲ್ಲಿ ಕಂಪ್ಯೂಟರ್ ಹುಚ್ಚ ಎಂದು ಹೆಸರು ಮಾಡಿದವನು ನಾನೊಬ್ಬನೇ. ಲ್ಯಾಪ್‌ಟಾಪಿಗೆ ಪೆಂಗ್ವಿನ್ ಸ್ಟಿಕ್ಕರ್ ಅಂಟಿಸಿಕೊಂಡು ತಿರುಗುವ ಪ್ರಾಣಿ. ಮದುವೆ ಊಟದಲ್ಲಿ ಪಕ್ಕ ಕೂತವರಿಗೆ ಹೋಳಿಗೆ ಬರುವುದರೊಳಗೆ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ, ಪೆಂಗ್ವಿನ್ ಗುರುತಿನ ಲಿನಕ್ಸ್ ಯಾಕೆ ಒಳ್ಳೆಯದು ಎಂದು ಹೇಳಿ ಮುಗಿಸುತ್ತೇನೆ. ಈಗೀಗ ನನ್ನ ಪಕ್ಕದ ಎಲೆ ಖಾಲಿಯೇ ಇರುತ್ತದೆ.

ಆಹ್ವಾನ ಪತ್ರದ ಕೆಳಗೆ ಷರತ್ತುಗಳಿದ್ದವು. ಲೇಖನ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟು ನುಡಿ 01 ಇ, ಅದರಲ್ಲೇ ಇರಬೇಕು. ಹಳೇ ವರ್ಡ್ ಫೈಲ್ ಆಗಿರಬೇಕು. ಮೇಲ್ ಮಾಡಬೇಕು. ಮೇಲ್ ಮಾಡಿದ್ದನ್ನು ಪ್ರಿಂಟ್ ತೆಗೆದು ಖುದ್ದಾಗಿಯೂ ಕೊಡಬೇಕು. ಜೊತೆಗೆ ಒಂದು ಸಿಡಿ. ಕನ್ನಡದ ನಾಳೆಯ ಬಗ್ಗೆ ಬರೆಯಬೇಕು, ಸಿಡಿಯಲ್ಲಿ ಕೊಡಬೇಕು. ನನ್ನ ಲ್ಯಾಪ್‌ಟಾಪಿಗೆ ಸಿಡಿ ತೂರಿಸುವ ಬಾಯಿಯೇ ಇಲ್ಲ.

ನಾನು ವರ್ಡಿನಂಥದ್ದೇ ಆದ ಲಿಬ್ರೆ ಆಫೀಸಿನಲ್ಲಿ, ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಬರೆದು ಮೇಲ್ ಮಾಡಿ ಸುಮ್ಮನಾದೆ. ಮರುದಿನ ಫೋನ್ ಬಂತು.

"ಸರ, ನಿಮ್ಮ ಲೇಖನದಾಗ ಬರೇ ಪ್ರಶ್ನೆ ಅದಾವ್ರೀ. ಉತ್ತರ ಎಲ್ಲೈತಿ?"

"ಏನು ಪ್ರಶ್ನೆ?"

"ಪ್ರಶ್ನಾರ್ಥಕ ಚಿಹ್ನೆ ಸರ. ಮೂರು ಪುಟ ತುಂಬ ಅದೇ ಐತಿ."

ಖಡೇ ಬಜಾರಿನ ಹಿಂದಿನ ಒಂದು ಸಂದಿಯಲ್ಲಿ ಡಿಟಿಪಿ ಅಂಗಡಿ. ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ. ಅದರ ಮೇಲೆ ಪುಟ ಕಟ್ಟುವ ಪೇಜ್‌ಮೇಕರ್ 7. ಇಬ್ಬರೂ 2001ರಲ್ಲಿ ಹುಟ್ಟಿದವರು. ಎಕ್ಸ್‌ಪಿಯನ್ನು ಅದರ ಕಂಪನಿ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿದೆ. ಪೇಜ್‌ಮೇಕರಿಗೆ 7 ಆದಮೇಲೆ 8 ಬರಲೇ ಇಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ತೋರಿಸಿದರೆ ಪ್ರಶ್ನಾರ್ಥಕ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಾಪ, ಅದರ ತಪ್ಪಲ್ಲ.

ತಮಾಷೆ ಏನೆಂದರೆ, ಅದೇ ಎಕ್ಸ್‌ಪಿಯೊಳಗೆ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟು ಹುಟ್ಟಿನಿಂದಲೂ ಇದೆ. ತುಂಗೆ ಮನೆಯೊಳಗೇ ಹರಿಯುತ್ತಿದ್ದಾಳೆ, ಇವರು ಹಿತ್ತಲಲ್ಲಿ ಬಾವಿ ತೋಡುತ್ತಾ ಕೂತಿದ್ದಾರೆ.

"ಸ್ಕ್ರೈಬಸ್ ಅಂತ ಒಂದು ಇದೆ, ಪುಟ ಕಟ್ಟುವುದಕ್ಕೆ. ಹೊಸದು ಹಾಕಿಕೊಂಡರೆ ಕನ್ನಡದ ಒತ್ತಕ್ಷರ ಸರಿಯಾಗಿ ಬರುತ್ತದೆ. ಫ್ರೀ," ಎಂದೆ.

ಆಪರೇಟರ್ ನಕ್ಕ. "ಇದೂ ಫ್ರೀನೇ ಐತ್ರೀ ಸರ."

ಪರದೆಯ ಮೂಲೆಯಲ್ಲಿ, ನೀವು ನಕಲಿ ಸಾಫ್ಟ್‌ವೇರಿನ ಬಲಿಪಶು ಆಗಿರಬಹುದು ಎಂಬ ಅರ್ಥದ ಎಚ್ಚರಿಕೆ ಮಿನುಗುತ್ತಿತ್ತು. ಬಲಿಪಶು ಆರಾಮಾಗಿ ಗುಟ್ಕಾ ಮೆಲ್ಲುತ್ತಿದ್ದ. ನನ್ನ ಇಷ್ಟು ವರ್ಷಗಳ ಭಾಷಣ ಅಲ್ಲಿಗೇ ಬಿದ್ದುಹೋಯಿತು. ಮುಕ್ತ ತಂತ್ರಾಂಶದ 'ಫ್ರೀ' ಅಂದರೆ ಪುಕ್ಕಟೆ ಅಲ್ಲ, ಸ್ವಾತಂತ್ರ್ಯ ಎಂದು ಆ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್ಮನ್ 1980ರ ದಶಕದಿಂದ ಹೇಳುತ್ತಲೇ ಇದ್ದಾರೆ. ಆದರೆ ಕದ್ದ ಮಾಲೂ ಪುಕ್ಕಟೆ, ಕೊಟ್ಟ ಮಾಲೂ ಪುಕ್ಕಟೆ ಆದ ಊರಿನಲ್ಲಿ ಆ ಮಾತು ಯಾವ ಬಾಯಿಂದ ಹೇಳುವುದು?

ಇನ್ನೊಂದು ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಕೇಳಿದೆ. ಅದು ವಿಂಡೋಸ್ 10 ಅಂತೆ. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ಇದರಲ್ಲಿ ಇಲ್ಲ. ಮಷೀನು ಗಟ್ಟಿಮುಟ್ಟಾಗಿದೆ, ಮರಣ ಪತ್ರ ಮಾತ್ರ ಮುಂಚೆ ಬಂದಿದೆ. ಲಿನಕ್ಸ್ ಹಾಕಿಕೊಡುತ್ತೇನೆ ಎಂದೆ. "ಮನ್ಯಾಗ ಕೇಳಿ ಹೇಳ್ತೀನ್ರೀ" ಎಂದ, ಸಂಬಂಧ ಬೇಡ ಅನ್ನುವ ಹೆಣ್ಣಿನ ಕಡೆಯವರ ಹಾಗೆ.

ಈಗ ಅಸಲು ವಿಷಯ. ನುಡಿಯ ಹಳೇ ಫಾಂಟು ಎಂದರೆ ಏನು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ನಮ್ಮ ಕಡೆಯ ಕಂಪನಿ ನಾಟಕ ನೋಡಿದವರಿಗೆ ಬೇಗ ತಿಳಿಯುತ್ತದೆ. ಪರದೆಯ ಮೇಲೆ ಕಾಣುವ 'ಕ' ನಿಜವಾಗಿ 'ಕ' ಅಲ್ಲ. ಒಳಗಿರುವುದು ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಒಂದು ಎ. ಮೈಮೇಲೆ 'ಕ'ದ ವೇಷ. ಫಾಂಟು ಇರುವವರೆಗೆ ರಾಜ ರಾಜನೇ. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ನಡುರಂಗದಲ್ಲಿ ಕಿರೀಟ ಬೀಳುತ್ತದೆ, ಪೋಷಾಕು ಜಾರುತ್ತದೆ, ಪಟ್ಟಾಪಟ್ಟಿ ಚಡ್ಡಿಯಲ್ಲಿ ಪಿ ಸಾಹೇಬರು ನಿಂತಿರುತ್ತಾರೆ.

ಅಂಗಡಿಯಲ್ಲಿ ಕೂತು ಸುಮ್ನೆ ಒಂದೊಂದೇ ಪದದ ವೇಷ ಬಿಚ್ಚಿಸಿ ನೋಡಿದೆ. ಚಟ ಹತ್ತಿತು. 'ಬೆಳಗಾವಿ' ಎಂದು ಹೊಡೆದು ಫಾಂಟು ಬದಲಿಸಿದೆ. 'ಳ' ಇದ್ದ ಜಾಗದಲ್ಲಿ ಕಾಲು ಭಾಗದ ಚಿಹ್ನೆ ಬಂತು. ಊರಿನ ನಡುವೆಯೇ ಕಾಲು! ಸುವರ್ಣ ಸೌಧ ಕಟ್ಟಿದ್ದೇವೆ, 2014ರ ರಾಜ್ಯೋತ್ಸವಕ್ಕೆ ಬೆಳಗಾಂ ಹೋಗಿ ಬೆಳಗಾವಿ ಆಗಿದೆ, ಆದರೂ ಕಂಪ್ಯೂಟರಿನಲ್ಲಿ ನಮಗೆ ಕಾಲುಪಾಲೇ. ಪಕ್ಕದ ಬಾಗಲಕೋಟೆಯವರು ನಗಬೇಕಾಗಿಲ್ಲ. ಅವರ 'ಲ' ಬಿಚ್ಚಿದರೆ ವೃತ್ತದೊಳಗೆ ಆರ್, ಅಂದರೆ ನೋಂದಾಯಿತ ಟ್ರೇಡ್‌ಮಾರ್ಕ್. ಇಡೀ ಜಿಲ್ಲೆ ಯಾವುದೋ ಕಂಪನಿಯ ಮಾಲು. ವಿಜಯಪುರದ 'ಪ'ದಲ್ಲಿ ಜಪಾನಿನ ಯೆನ್ ಕೂತಿದೆ. 'ಹಳ್ಳಿ' ಬಿಚ್ಚಿದರೆ ಅರ್ಧದ ಚಿಹ್ನೆ. ಸಂಗೊಳ್ಳಿಯೂ ಅರ್ಧವೇ, ಹುಬ್ಬಳ್ಳಿಯೂ ಅರ್ಧವೇ. ಹಾಗೆ ನೋಡಿದರೆ ಅವರು ನಮಗಿಂತ ಜಾಸ್ತಿ ಗಿಟ್ಟಿಸಿದ್ದಾರೆ.

ಆಮೇಲೆ 'ಕನ್ನಡ' ಎಂದು ಹೊಡೆದೆ. ಪಿ, ಗೀಟಿನ ಎ, ಮೂರನೆಯ ಮನೆಯಲ್ಲಿ ಬ್ರಿಟಿಷ್ ಪೌಂಡ್. ಹೌದು, ಹಣದ ಪೌಂಡೇ. 'ನ' ಅಂದರೆ ಪೌಂಡ್. ಕರ್ನಾಟಕದಲ್ಲೂ ಪೌಂಡ್. 'ಕನ್ನಡಿಗನು' ಎಂಬಲ್ಲಿ ಮುಂದೊಂದು ಹಿಂದೊಂದು, ಎರಡೆರಡು ಪೌಂಡ್. ಕೈ ನಡುಗುತ್ತಿದ್ದರೂ ಕೊನೆಗೆ 'ಚೆನ್ನಮ್ಮ' ಎಂದು ಹೊಡೆದೆ.

ಅಲ್ಲೂ ಇತ್ತು.

1824ರ ಅಕ್ಟೋಬರಿನಲ್ಲಿ ಇಲ್ಲೇ ಪಕ್ಕದ ಕಿತ್ತೂರಿನಲ್ಲಿ ಕಂಪನಿ ಸರ್ಕಾರದ ಥ್ಯಾಕರೆಯನ್ನು ಉರುಳಿಸಿದ ರಾಣಿ. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಸತ್ತಳೇ ವಿನಾ ಬಗ್ಗಲಿಲ್ಲ. ನಾವು ಆಕೆಯ ಕುದುರೆಯ ಕೆಳಗೆ ನಿಂತು ರಾಜ್ಯೋತ್ಸವದ ಮೆರವಣಿಗೆ ಮಾಡುತ್ತೇವೆ, ಹಳದಿ ಕೆಂಪು ಶಾಲು ಬೀಸಿ ಕುಣಿಯುತ್ತೇವೆ. ಆಮೇಲೆ ಆಕೆಯ ಹೆಸರಿನ ಹೊಟ್ಟೆಯೊಳಗೆ ಒಂದು ಪೌಂಡ್ ಇಟ್ಟು ಆಹ್ವಾನ ಪತ್ರ ಅಚ್ಚು ಹಾಕಿಸುತ್ತೇವೆ.

"ಬೋರ್ಡಿನ ಮೇಲೆ ಶೇಕಡಾ 60 ಕನ್ನಡ ಇಲ್ಲಾಂದ್ರ ನಾವು ಬಿಡಂಗಿಲ್ರೀ" ಎಂದರು ಅಲ್ಲೇ ಪ್ರೂಫ್ ನೋಡುತ್ತಿದ್ದ ಸಮಿತಿಯವರು. ನಿಜ, ಬಿಡಬಾರದು. ಆ ಬೋರ್ಡು ಬರೆಯುವ ಫೈಲಿನಲ್ಲಿ ಕನ್ನಡ ಶೇಕಡಾ ಸೊನ್ನೆ ಎಂದು ನಾನು ಹೇಳಿದೆ. ಅವರು ನನ್ನನ್ನು ಗಡಿಯಾಚೆಯವನಂತೆ ನೋಡಿದರು.

ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ, ಹಾಗಾಗಿ ನನಗೆ ನೆನಪು. ಯೂನಿಕೋಡಿನ ಆ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸೈಟುಗಳ ಒಂದು ಲೇಔಟ್ ಹಂಚಿಕೆ ಆಗಿದೆ. ಖಾತೆ ಆಗಿದೆ, ಬೇಲಿ ಹಾಕಿದೆ, ಯಾವ ದೇಶದವರೂ ಒತ್ತುವರಿ ಮಾಡುವ ಹಾಗಿಲ್ಲ. ಆದರೂ ನಾವು ಇಂಗ್ಲಿಷಿನವರ ಹಿತ್ತಲ ಖೋಲಿಯಲ್ಲಿ ಬಾಡಿಗೆಗೆ ಇದ್ದೇವೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಕಾಲಕ್ಕೆ ಈ ವೇಷ ಕಟ್ಟಿದವರು ದೊಡ್ಡ ಕೆಲಸವನ್ನೇ ಮಾಡಿದರು. 1990ರ ದಶಕದ ಕಂಪ್ಯೂಟರುಗಳಿಗೆ ಕನ್ನಡದ ಒತ್ತಕ್ಷರ ಜೋಡಿಸುವ ಬುದ್ಧಿ ಇರಲಿಲ್ಲ. ಬೇರೆ ದಾರಿ ಇರಲಿಲ್ಲ. ಕೆ.ಪಿ. ರಾವ್ ಅವರು ಕೊಟ್ಟ, ನುಡಿಯಲ್ಲೂ ಇರುವ ಕೀಲಿಮಣೆ ವಿನ್ಯಾಸವಂತೂ ಇವತ್ತಿಗೂ ಚಿನ್ನ. ಈ ಲೇಖನವನ್ನೂ ನಾನು ಅದರಲ್ಲೇ ಹೊಡೆಯುತ್ತಿದ್ದೇನೆ, ಅದೂ ಲಿನಕ್ಸಿನಲ್ಲಿ, ಯೂನಿಕೋಡಿನಲ್ಲಿ. ಬೆರಳು ಎಲ್ಲಿ ಒತ್ತುತ್ತದೆ ಎಂಬುದು ಒಂದು, ಒಳಗೆ ಏನು ಕೂರುತ್ತದೆ ಎಂಬುದು ಇನ್ನೊಂದು. ಇದೊಂದು ವ್ಯತ್ಯಾಸ ತಿಳಿಯದೆ "ನಮಗ ನುಡಿ ಬಿಟ್ಟು ಬ್ಯಾರೆ ಟೈಪಿಂಗ್ ಬರಂಗಿಲ್ಲ" ಎಂದು ಎಷ್ಟು ಮಂದಿ ಕೈಮುಗಿದಿದ್ದಾರೆ! ಸ್ವಾಮಿ, ಬೆರಳು ಹಾಗೇ ಇರಲಿ. ನುಡಿಯ ಹೊಸ ಆವೃತ್ತಿಯಲ್ಲೂ ಯೂನಿಕೋಡ್ ಇದೆ. ಒಂದು ಗುಂಡಿ ಒತ್ತಬೇಕು ಅಷ್ಟೇ.

ಒತ್ತುವುದಿಲ್ಲ. ಯಾಕೆ ಎಂದು ಯೋಚಿಸಿದಾಗ ಹಳೇ ಫಾಂಟಿನ ಲಾಭಗಳು ಹೊಳೆದವು. ಮೊದಲನೆಯದಾಗಿ, ಕಡತ ಭದ್ರ. ಊರಿನ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು, ಅದಕ್ಕೆ ಬೀಗ ಅದಕ್ಕೂ ಮುಂಚೆಯೇ ತಯಾರಾಗಿತ್ತು. ದಾಖಲೆ ಇದೆ, ಬೇಕಾದರೆ ನೀವೇ ಹುಡುಕಿಕೊಳ್ಳಿ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಸಾಮಾಜಿಕ ನ್ಯಾಯ. ಹಳೇ ಫಾಂಟಿನಲ್ಲಿ 'ಯ' ಶುರುವಾಗುವುದು ಇಂಗ್ಲಿಷಿನ ದೊಡ್ಡ ಎ ಇಂದ. 'ಅ' ಅಂದರೆ ಸಿ. ಅಕ್ಷರ ಕ್ರಮದಲ್ಲಿ ಪಟ್ಟಿ ಮಾಡು ಎಂದರೆ ಶಾಲೆಯ ಹಾಜರಿಯಲ್ಲಿ ಯಾವತ್ತೂ ಹಿಂದಿದ್ದ ಯಲ್ಲಪ್ಪ ಅಪ್ಪಣ್ಣನನ್ನು ದಾಟಿ ಮುಂದೆ ಬಂದು ನಿಲ್ಲುತ್ತಾನೆ. ಸವದತ್ತಿ ಎಲ್ಲಮ್ಮನ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಇಷ್ಟಾದರೂ ಬೇಡವೇ?

ನಗು ಬಾರದ ಲಾಭವೂ ಒಂದಿದೆ. ಕಣ್ಣು ಕಾಣದ ನನ್ನ ಗೆಳೆಯನೊಬ್ಬ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶದಿಂದ ಪರದೆಯನ್ನು ಓದಿಸಿಕೊಳ್ಳುತ್ತಾನೆ. ಯೂನಿಕೋಡ್ ಕನ್ನಡವನ್ನು ಅದು ಸ್ವಲ್ಪ ಮೂಗಿನಲ್ಲಿ ಮಾತಾಡಿದರೂ ಪೂರ್ತಿ ಓದುತ್ತದೆ. ಅವನಿಗೆ ಯಾರೋ ಹಳೇ ಫಾಂಟಿನ ಅರ್ಜಿ ನಮೂನೆ ಕಳಿಸಿದರು. ಅದು ಅವನ ಕಿವಿಯಲ್ಲಿ ಪಿ, ಎ, ಪೌಂಡ್, ಎ ಎಂದು ಹರಾಜು ಕೂಗಿತು. "ಎಷ್ಟು ಪೌಂಡಿಗೆ ನಿಂತಿತೋ ಕೊನೆಗೆ?" ಎಂದು ಫೋನ್ ಮಾಡಿ ಕೇಳಿದ.

ನನ್ನ ಕಡೆಯ ಸೈನ್ಯವನ್ನು ಕರೆಯೋಣ ಎಂದು ಊರಿನ ನಾಲ್ಕು ಜನ ಮುಕ್ತ ತಂತ್ರಾಂಶದವರನ್ನು ಚಹಾಕ್ಕೆ ಸೇರಿಸಿದೆ. ಅದು ನನ್ನ ತಪ್ಪು. ಆ ಡಿಟಿಪಿ ಅಂಗಡಿಗೆ ಲಿನಕ್ಸಿನಲ್ಲೇ ಉಬುಂಟು ಹಾಕಬೇಕೋ ಡೆಬಿಯನ್ನೋ ಎಂದು ಶುರುವಾಗಿ, ಬರೆಯುವ ತಂತ್ರಾಂಶಗಳಲ್ಲಿ ವಿಮ್ ಮೇಲೋ ಈಮ್ಯಾಕ್ಸ್ ಮೇಲೋ ಎಂಬಲ್ಲಿಗೆ ಹೋಗಿ ನಿಂತಿತು. ಇಬ್ಬರು ಚಹಾ ಕುಡಿಯದೆ ಎದ್ದುಹೋದರು. ಅಂಗಡಿಯವನ ವಿಳಾಸ ಯಾರೂ ಕೇಳಲಿಲ್ಲ.

ಸಂಚಿಕೆಗೆ ದಿನ ಹತ್ತಿರ ಬಂತು. ನಾನು ಸೋತೆ. ಮುಕ್ತ ತಂತ್ರಾಂಶದ ಪರಿವರ್ತಕವೊಂದನ್ನೇ ಹುಡುಕಿ, ನನ್ನ ಯೂನಿಕೋಡ್ ಲೇಖನಕ್ಕೆ ನನ್ನ ಕೈಯಾರೆ ಪಿ, ಎ, ಪೌಂಡಿನ ವೇಷ ಕಟ್ಟಿ ಕಳಿಸಿದೆ. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಉದುರಿತು. "ಕನ್ನಡದ ಅರ್ಥ" ಎಂದು ಬರೆದದ್ದು "ಕನ್ನಡದ ಅಥ" ಎಂದು ಅಚ್ಚಾಯಿತು.

ನವೆಂಬರ್ ಒಂದಕ್ಕೆ ಬಿಡುಗಡೆ. ಹಾರ, ತುರಾಯಿ, ಶಾಲು. ಸಂಜೆ ವಾಟ್ಸಾಪಿಗೆ ಸಂಚಿಕೆಯ ಪಿಡಿಎಫ್ ಬಂತು. ನನ್ನ ಲೇಖನ ಎಷ್ಟನೇ ಪುಟದಲ್ಲಿದೆ ಎಂದು ನನ್ನ ಹೆಸರು ಹಾಕಿ ಹುಡುಕಿದೆ. ಇಲ್ಲ. 'ಬೆಳಗಾವಿ' ಎಂದು ಹುಡುಕಿದೆ. ಇಲ್ಲ. 'ಕನ್ನಡ' ಎಂದು ಹುಡುಕಿದೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡ ಒಂದೂ ಇಲ್ಲ. ಏನೋ ಹೊಳೆದು ಪೌಂಡ್ ಚಿಹ್ನೆ ಹಾಕಿ ಹುಡುಕಿದೆ. ಅಧ್ಯಕ್ಷರ ನುಡಿಯಿಂದ ಹಿಂಬದಿಯ ಜಾಹೀರಾತಿನವರೆಗೆ ಪ್ರತಿ ಪುಟದಲ್ಲೂ ಸಿಕ್ಕಿತು.

ಮರುದಿನ ಸಮಿತಿಯವರ ಫೋನ್.

"ಸರ, ನಿಮ್ಮ ಲೇಖನ ಭಾಳ ಚಲೋ ಬಂದೈತಿ. ನಮ್ಮ ಮಂದಿಗೆಲ್ಲಾ ವಾಟ್ಸಾಪಿನ್ಯಾಗ ಕಳಿಸ್ಬೇಕಂತ ಪಿಡಿಎಫ್‌ನಾಗಿಂದ ಕಾಪಿ ಹೊಡದ್ವಿ, ಇಂಗ್ಲಿಷ್ ಬರಾಕತ್ತೈತಿ. ಒಂಚೂರು ಕನ್ನಡದಾಗ ಟೈಪ್ ಮಾಡಿ ಕಳಿಸ್ರಲಾ?"