ಬಟನ್‌ನ ಪ್ರತಿ ಪದಕ್ಕೂ ಕ್ಯಾಪಿಟಲ್ ಅಕ್ಷರ ಬೇಕೆ?

ಪರ

ಇಂಗ್ಲಿಷ್ ಆ್ಯಪ್‌ಗಳ ಬಟನ್ ಮತ್ತು ಮೆನುಗಳಲ್ಲಿ ಮುಖ್ಯ ಪದಗಳನ್ನೆಲ್ಲ ಕ್ಯಾಪಿಟಲ್ ಅಕ್ಷರದಿಂದ ಆರಂಭಿಸುವ ಪದ್ಧತಿಗೆ ಟೈಟಲ್ ಕೇಸ್ ಎನ್ನುತ್ತಾರೆ. ಇದರ ದೊಡ್ಡ ಉಪಯೋಗ ಕಾಣುವುದು ವಾಕ್ಯದ ನಡುವೆ ಬಟನ್‌ನ ಹೆಸರು ಬಂದಾಗ. 'ಚೆಕ್ ಫಾರ್ ಅಪ್‌ಡೇಟ್ಸ್' ಎಂಬ ಬಟನ್ ಒತ್ತಿರೆಂದು ಇಂಗ್ಲಿಷಿನಲ್ಲಿ ಸೂಚಿಸುವಾಗ ಎಲ್ಲವೂ ಸಣ್ಣಕ್ಷರದಲ್ಲಿದ್ದರೆ, ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ತಿಳಿಯಲು ಓದುಗರು ಸಾಲನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಆ್ಯಪಲ್ ತನ್ನ ಮ್ಯಾಕ್‌ನ ಮೆನುಗಳಿಗೆ ಈ ಶೈಲಿಯನ್ನೇ ಸೂಚಿಸುತ್ತದೆ. ಎರಡು ಮೂರು ಪದಗಳ ಹೆಸರುಗಳಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ವಿರೋಧ

ಆದರೆ ಈ ಅನುಕೂಲದ ಜೊತೆಗೇ ಗೊಂದಲವೂ ಬರುತ್ತದೆ. 'ಓಪನ್ ಪೇಜಸ್' ಎಂಬ ಬಟನ್ ನೋಡಿ: ಎರಡೂ ಪದಗಳಿಗೆ ಕ್ಯಾಪಿಟಲ್ ಇದ್ದರೆ, ಒತ್ತಿದಾಗ ತೆರೆಯುವುದು ಪೇಜಸ್ ಎಂಬ ಆ್ಯಪೋ, ಬರಿಯ ಪುಟಗಳೋ ಹೇಳಲಾಗದು. ಮೊದಲ ಪದಕ್ಕೆ ಮತ್ತು ಅಂಕಿತನಾಮಕ್ಕೆ ಮಾತ್ರ ಕ್ಯಾಪಿಟಲ್ ಕೊಡುವ ಸೆಂಟೆನ್ಸ್ ಕೇಸ್‌ನಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ.

ಬರೆಯುವವರ ಕಷ್ಟವೂ ಸಣ್ಣದಲ್ಲ. 'ಸೈನ್ ಇನ್' ಎಂಬಲ್ಲಿ 'ಇನ್' ಕ್ರಿಯಾಪದದ ಭಾಗವಾದ್ದರಿಂದ ಅದಕ್ಕೆ ಕ್ಯಾಪಿಟಲ್. 'ಸೇವ್ ಇನ್ ಫೋಲ್ಡರ್' ಎಂಬಲ್ಲಿ ಅದೇ ಪದಕ್ಕೆ ಸಣ್ಣಕ್ಷರ. ಹತ್ತಾರು ಜನ ಸೇರಿ ಕಟ್ಟುವ ಆ್ಯಪ್‌ನಲ್ಲಿ ಇಷ್ಟು ಸೂಕ್ಷ್ಮವಾದ ನಿಯಮವನ್ನು ಎಲ್ಲರೂ ಒಂದೇ ರೀತಿ ಪಾಲಿಸುತ್ತಾರೆಂದು ನಿರೀಕ್ಷಿಸುವುದೇ ತಪ್ಪು.

ಇಡೀ ಪದವನ್ನೇ ಕ್ಯಾಪಿಟಲ್‌ನಲ್ಲಿ ಬರೆಯುವುದಂತೂ ಇನ್ನೂ ಕೆಟ್ಟದ್ದು. ಮುದ್ರಿತ ಬರಹವೆಲ್ಲ ಕ್ಯಾಪಿಟಲ್‌ನಲ್ಲಿದ್ದರೆ ಓದಿನ ವೇಗ ತಗ್ಗುತ್ತದೆಂದು ಮನೋವಿಜ್ಞಾನಿಗಳಾದ ಮೈಲ್ಸ್ ಟಿಂಕರ್ ಮತ್ತು ಡೊನಾಲ್ಡ್ ಪ್ಯಾಟರ್ಸನ್ 1928ರಲ್ಲೇ ತೋರಿಸಿದ್ದರು. 2014ರಲ್ಲಿ ಬಂದ ಗೂಗಲ್‌ನ ಮೆಟೀರಿಯಲ್ ಡಿಸೈನ್ ಎಂಬ ಆ್ಯಪ್ ವಿನ್ಯಾಸದ ಮಾರ್ಗಸೂಚಿ ಬಟನ್‌ಗಳಿಗೆ ಪೂರ್ತಿ ಕ್ಯಾಪಿಟಲ್ ಬಳಸಿತ್ತು. 2021ರ ಮೂರನೆಯ ಆವೃತ್ತಿ ಅದನ್ನು ಬಿಟ್ಟು ಸೆಂಟೆನ್ಸ್ ಕೇಸ್‌ಗೆ ಬಂದದ್ದು ಒಳ್ಳೆಯದೇ ಆಯಿತು. ಅಕ್ಷರಗಳನ್ನು ಯಂತ್ರವೇ ಕ್ಯಾಪಿಟಲ್ ಮಾಡುವಲ್ಲಿ ಇನ್ನೊಂದು ಅಪಾಯವಿದೆ: ತುರ್ಕಿ ಭಾಷೆಯಲ್ಲಿ ಚುಕ್ಕಿಯುಳ್ಳ 'ಐ' ಮತ್ತು ಚುಕ್ಕಿಯಿಲ್ಲದ 'ಐ' ಬೇರೆ ಬೇರೆ ಅಕ್ಷರಗಳು, ಅವುಗಳ ಕ್ಯಾಪಿಟಲ್ ರೂಪಗಳೂ ಬೇರೆ. ಯಾವ ಭಾಷೆಯೆಂದು ಕೋಡ್‌ನಲ್ಲಿ ಹೇಳದಿದ್ದರೆ ಪರದೆಯ ಮೇಲೆ ತಪ್ಪು ಅಕ್ಷರ ಮೂಡುತ್ತದೆ.

ವಾಕ್ಯದ ನಡುವೆ ಬಟನ್‌ನ ಹೆಸರನ್ನು ಗುರುತಿಸುವ ತೊಂದರೆ ನಿಜವೇ. ಆದರೆ ಕ್ಯಾಪಿಟಲ್ ಎಂಬುದೇ ಇಲ್ಲದ ಕನ್ನಡ ಲಿಪಿಯಲ್ಲಿ ನಾವು ಅದಕ್ಕೆ ಉದ್ಧರಣ ಚಿಹ್ನೆಯನ್ನೋ ದಪ್ಪಕ್ಷರವನ್ನೋ ಬಳಸುತ್ತೇವೆ, ಮೇಲಿನ ಸಾಲುಗಳಲ್ಲಿ ಮಾಡಿರುವಂತೆಯೇ. ಇಂಗ್ಲಿಷಿಗೂ ಅಷ್ಟು ಸಾಕು.