ತುಂಬೆಯಲ್ಲಿ ನೀರಿಲ್ಲ, ಟಬ್ಬಿನಲ್ಲಿ ಉಂಟು

ಏಪ್ರಿಲ್ ಮುಗಿಯುವ ಹೊತ್ತಿಗೆ ಮಂಗಳೂರಿನಲ್ಲಿ ಎಲ್ಲರೂ ತುಂಬೆ ಪಂಡಿತರಾಗುತ್ತಾರೆ. ಊರಿಗೆ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಇವತ್ತು ಎಷ್ಟು ಮೀಟರ್ ನೀರುಂಟು ಎಂದು ಪೇಪರಿನಲ್ಲಿ ನೋಡಿದ ಮೇಲೆಯೇ ಚಾ. 6 ಮೀಟರ್ ಇದ್ದರೆ ಸಮಾಧಾನ. 4ಕ್ಕೆ ಇಳಿದರೆ ಮನೆಮನೆಯಲ್ಲಿ ಬಕೆಟ್ ಲೆಕ್ಕ ಶುರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು. 2019ರಲ್ಲೂ 2023ರಲ್ಲೂ ಮೇ ತಿಂಗಳಲ್ಲಿ ನೀರಿಗೆ ರೇಷನಿಂಗ್ ಮಾಡಿದ ಊರೂ ಇದೇ.

ಇಂಥ ಊರಿನಲ್ಲಿ ಫ್ಲ್ಯಾಟ್ ಮಾರುವವರು ಬ್ರೋಷರಿನಲ್ಲಿ ದೊಡ್ಡದಾಗಿ ಏನು ಹಾಕುತ್ತಾರೆ? ಬಾತ್‌ಟಬ್. ಅದರ ತುಂಬ ನೊರೆ, ನೊರೆಯ ಮೇಲೆ ಗುಲಾಬಿ ಎಸಳು, ಪಕ್ಕದಲ್ಲಿ ಮೇಣದಬತ್ತಿ. ಇದರಲ್ಲಿ ಮೇಣದಬತ್ತಿ ಮಾತ್ರ ಉಪಯೋಗದ್ದು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದಲ್ವಾ.

ನಮ್ಮ ಕಟ್ಟಡದ ಐದನೇ ಮಹಡಿಯವರಲ್ಲಿ ಅಂಥದ್ದೊಂದು ಟಬ್ ಮೊದಲಿನಿಂದಲೂ ಇತ್ತು. ಅದರಲ್ಲಿ ಮನುಷ್ಯರು ಯಾರೂ ಮಿಂದದ್ದಿಲ್ಲ. ಮಳೆಗಾಲದಲ್ಲಿ ಒದ್ದೆ ಕೊಡೆ, ರೈನ್‌ಕೋಟು. ಉಳಿದ ದಿನ ಊರಿನಿಂದ ಬಂದ ತೆಂಗಿನಕಾಯಿ. ಈ ಮೇ ತಿಂಗಳಲ್ಲಿ, ದಿನ ಬಿಟ್ಟು ದಿನ ನೀರು ಬರುತ್ತಿದ್ದಾಗ, ಅದು ಹಳತಾಯಿತು ಎಂದು ಅವರಿಗೆ ಕಂಡಿತು. ಕೊಡೆ ಇಟ್ಟು ಇಟ್ಟು ಸವೆದಿರಬೇಕು.

ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಸರಕಾರಿ ಲೆಕ್ಕ. ಅದರಲ್ಲಿ ಸ್ನಾನದ ಪಾಲು 55 ಲೀಟರ್. ಟಬ್ಬಿನಲ್ಲಿ ಒಮ್ಮೆ ಮೈಚಾಚಬೇಕಾದರೆ 150ರಿಂದ 200 ಲೀಟರ್ ಬೇಕು. ಮನೆಯ ಗೀಸರ್ 25 ಲೀಟರಿನದ್ದು. ಅದು ಮೂರನೇ ಸಲ ಕಾಯುವಾಗ ಮೊದಲು ಬಿಟ್ಟದ್ದು ತಣ್ಣಗಾಗಿರುತ್ತದೆ. ಇನ್ನು ನಮ್ಮವರ ವಿಷಯ ಗೊತ್ತಲ್ಲ, ತಲೆಗೆ ನೀರು ಸುರಿಯದಿದ್ದರೆ ಮಿಂದ ಹಾಗೆಯೇ ಆಗುವುದಿಲ್ಲ. ತನ್ನದೇ ಸೋಪಿನ ನೀರಿನಲ್ಲಿ ಅರ್ಧ ಗಂಟೆ ಮಲಗಿ ಎದ್ದ ಮೇಲೆ ಶುದ್ಧವಾಗಲು ಇನ್ನೆರಡು ಬಕೆಟ್ ಬೇಕೇ ಬೇಕು.

ಅಸೋಸಿಯೇಷನ್ ನೋಟಿಸು ಲಿಫ್ಟಿನ ಪಕ್ಕದಲ್ಲೇ ಅಂಟಿಸಿತ್ತು: ಪೈಪ್ ಹಿಡಿದು ಕಾರು ತೊಳೆಯಬಾರದು, ತುಳಸಿಗೆ ಚೊಂಬಿನಲ್ಲೇ ನೀರು ಹಾಕಬೇಕು. ಆ ನೋಟಿಸಿನ ಎದುರಿನಿಂದಲೇ ಐದೂವರೆ ಅಡಿಯ ಹೊಸ ಟಬ್ ಮೆಟ್ಟಿಲು ಹತ್ತಿತು. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಇದಕ್ಕೆ ನಿಯಮ ಇಲ್ವಾ ಎಂದು ಸೆಕ್ರೆಟರಿಯವರನ್ನು ಕೇಳಿದೆ. "ಅದು ಫಿಟ್ಟಿಂಗ್ ಅಲ್ವಾ, ನೀರಿನ ಬಳಕೆ ಅಲ್ಲ" ಎಂದರು. ತುಳಸಿ ಮಾತ್ರ ಬಳಕೆಯ ಪಟ್ಟಿಯಲ್ಲಿ ಸಿಕ್ಕಿಬಿದ್ದಿದೆ, ಪಾಪ.

ಹಳೆ ಟಬ್ ಇಡಿಯಾಗಿ ಬಾಗಿಲು ದಾಟಲಿಲ್ಲ, ತುಂಡಾಗಿ ಇಳಿಯಿತು. ಹೊಸತನ್ನು ಕೂರಿಸುವುದರಲ್ಲಿ ಪ್ಲಂಬರ್ ಭಾರಿ ಚೊಕ್ಕ. ರಸಮಟ್ಟ ಇಟ್ಟು ನಾಲ್ಕೂ ಕಾಲಿನ ಬೋಲ್ಟ್ ತಿರುಗಿಸಿ ಮಟ್ಟ ಮಾಡಿದ. ಟಾರ್ಚ್ ಹಾಕಿ ಕೆಳಗಿನ ಪೈಪಿನ ಜಾಯಿಂಟ್ ನೋಡಿದ. ಕೊನೆಗೆ ಗೋಡೆಗೂ ಟಬ್ಬಿಗೂ ನಡುವಿನ ಸಂದಿಗೆ ಸಿಲಿಕಾನ್ ಹಚ್ಚುವ ಮೊದಲು ಟ್ಯೂಬ್ ಕೆಳಗಿಟ್ಟು, "ಸರ್, ಈಗ ಟಬ್ ಪೂರ್ತಿ ತುಂಬಿಸಬೇಕು" ಎಂದ.

"ಈಗಲಾ? ಇವತ್ತು ನೀರಿಲ್ಲ ಮಾರಾಯ."

"ತುಂಬಿಸದೆ ಹಚ್ಚಿದರೆ ಆಗುವುದಿಲ್ಲ ಸರ್. ಆಮೇಲೆ ನೀರಿನ ಭಾರಕ್ಕೆ ಟಬ್ ಸ್ವಲ್ಪ ಕೂರ್ತದೆ, ಸಿಲಿಕಾನ್ ಬಿಟ್ಟುಕೊಳ್ತದೆ. ಒಂದು ದಿನ ನೀರು ಹಾಗೇ ಇರಬೇಕು."

ಅವನು ಹೇಳಿದ್ದು ಸರಿಯೇ. 200 ಲೀಟರ್ ಎಂದರೆ 200 ಕಿಲೋ. ಆ ಭಾರ ಇರುವಾಗಲೇ ಸಂದಿ ಮುಚ್ಚಬೇಕು, ಒಣಗುವವರೆಗೆ ಖಾಲಿ ಮಾಡಬಾರದು. ಟ್ಯಾಂಕರ್ ಬಂತು. ಇಡೀ ಕಟ್ಟಡ ಬಕೆಟ್ ಹಿಡಿದು ಕೆಳಗೆ ನಿಂತಿದ್ದಾಗ ಐದನೇ ಮಹಡಿಯಲ್ಲಿ ಸಿಲಿಕಾನಿಗೆ ಅಭಿಷೇಕ ನಡೆಯುತ್ತಿತ್ತು.

ಮರುದಿನ ಸಿಲಿಕಾನ್ ಒಣಗಿತು. ಆದರೆ ಟ್ಯಾಂಕರಿಗೆ ಅಷ್ಟು ದುಡ್ಡು ಕೊಟ್ಟ ನೀರನ್ನು ಮೋರಿಗೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಮನೆಯವರೆಲ್ಲ ಅದರಿಂದಲೇ ಚೊಂಬಿನಲ್ಲಿ ಎತ್ತಿ ಎತ್ತಿ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಿಂದರು. ನೀರು ಬಂದ ದಿನ ಮತ್ತೆ ತುಂಬಿಸಿಟ್ಟರು. ಬಚ್ಚಲುಮನೆಯ ಹಂಡೆಯನ್ನು ಗುಜರಿಗೆ ಹಾಕಿ ನಾವು ಇಷ್ಟು ದೂರ ಬಂದದ್ದು ಇದಕ್ಕೇ ನೋಡಿ. ಹಂಡೆಯ ಕೆಳಗೆ ಗೆರಟೆ, ತೆಂಗಿನ ಮಡಲು ಉರಿಸಬಹುದಿತ್ತು. ಇದಕ್ಕೆ ಬೆಂಕಿ ಹಾಕುವ ಹಾಗೂ ಇಲ್ಲ, ಅಕ್ರಿಲಿಕ್.

ಕಳೆದ ವಾರ ಸೊಳ್ಳೆ ಮರಿ ಹುಡುಕುವ ಆರೋಗ್ಯ ಕಾರ್ಯಕರ್ತೆ ಮನೆಮನೆಗೆ ಬಂದಿದ್ದರು. ಮಲೇರಿಯಾದ ಊರಲ್ವಾ ನಮ್ಮದು, ಹೂಕುಂಡದ ತಟ್ಟೆಯನ್ನೂ ಬಿಡುವುದಿಲ್ಲ ಅವರು. ಐದನೇ ಮಹಡಿಯಲ್ಲಿ ಟಬ್ಬಿನ ಮೇಲಿನ ಪ್ಲೈವುಡ್ ಸರಿಸಿ ಟಾರ್ಚ್ ಬಿಟ್ಟರು. ನಿಂತ ನೀರಿನಲ್ಲಿ ವಾರ, ಹತ್ತು ದಿನಕ್ಕೆಲ್ಲ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ, ಖಾಲಿ ಮಾಡಿ ಎಂದರು. ಖಾಲಿ ಮಾಡಿದರೆ ನಾಳೆ ಮೀಯುವುದು ಹೇಗೆ ಎಂದು ಮನೆಯವರು ಕೇಳಿದರು. ಹಾಗಾದರೆ ಬಾವಿಗೆ ಬಿಡುವ ಹಾಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿ ಎಂದು ಹೇಳಿ ಅವರು ಆರನೇ ಮಹಡಿಗೆ ಹೋದರು.

ಈಗ ಅಲ್ಲಿ ನಡೆಯುತ್ತಿರುವ ಚರ್ಚೆ, ಇಟಾಲಿಯನ್ ಟೈಲ್ಸಿಗೆ ಯಾವ ಬಣ್ಣದ ಗಪ್ಪಿ ಹೊಂದುತ್ತದೆ ಎಂಬುದು.